ಲಕ್ವದ ಮನೆಗಳಲ್ಲಿ ಖಿನ್ನತೆ ಹುಡುಕಿದ ನನ್ನ ಅನುಭವ

ಪಾರ್ಶ್ವವಾಯುವಿನ ನಂತರದ ಖಿನ್ನತೆಯನ್ನು ರೋಗಿಯ ಮನೆಯಲ್ಲಿಯೇ ಗುರುತಿಸುವ ಕೆಲಸವನ್ನು ನಾನು ಕೈಗೆತ್ತಿಕೊಂಡಾಗ ಹಿರಿಯರೊಬ್ಬರು, "ಲಕ್ವ ಹೊಡೆದವನು ಅಳದೆ ನಗುತ್ತಾನೇನಪ್ಪಾ? ಇದಕ್ಕೊಂದು ಸಂಶೋಧನೆ ಬೇರೆ ಕೇಡು" ಎಂದಿದ್ದರು. ಮೂರು ವರ್ಷಗಳ ಮೇಲೆ ಅವರೇ ನನ್ನ ನಮೂನೆಯ ಪ್ರತಿಯನ್ನು ತಮ್ಮ ವಿದ್ಯಾರ್ಥಿಗಾಗಿ ಕೇಳಿ ಪಡೆದರು. ಆದ್ದರಿಂದ ಇಷ್ಟು ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ಪೂರ್ತಿ ಸೋಲು. ದಾವಣಗೆರೆಯಲ್ಲಿ ಹೊರರೋಗಿಗಳ ಸಾಲಿನಲ್ಲಿಯೇ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಕನ್ನಡದ ಪಿಎಚ್‌ಕ್ಯೂ-9 ಓದಿ ಹೇಳುತ್ತಿದ್ದೆವು. ಪ್ರಶ್ನೆ ಕೇಳಿದೊಡನೆ ರೋಗಿ ಮಗನ ಮುಖ ನೋಡುವುದು, ಮಗ "ಏನಿಲ್ಲ ಬಿಡ್ರಿ ಸಾರ್, ಆರಾಮಿದಾರೆ" ಎನ್ನುವುದು. ಜಗಳೂರು, ಚನ್ನಗಿರಿಯ ಕಡೆಯವರಿಗಂತೂ ಬಸ್ಸಿನದೇ ಚಿಂತೆ. ಅರವತ್ತು ಜನರಲ್ಲಿ ಖಿನ್ನತೆಯ ಶಂಕೆ ಮೂಡಿಸುವ 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರು ಎಂಟೋ ಒಂಬತ್ತೋ. ಪಾರ್ಶ್ವವಾಯುವಾದವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಜನರಿಗೆ ಖಿನ್ನತೆ ಕಾಡುತ್ತದೆಂದು ಹಲವು ಕಡೆಯ ಅಧ್ಯಯನಗಳು ಹೇಳುವಾಗ ನಮ್ಮ ಜಿಲ್ಲೆಯವರು ಮಾತ್ರ ಗಟ್ಟಿಗರೆಂದು ನಂಬಲು ನನಗೆ ಸಾಧ್ಯವಾಗಲಿಲ್ಲ. ಬಳಿಕ ದೂರವಾಣಿಯಲ್ಲಿ ಪ್ರಯತ್ನಿಸಿದೆ. ಫೋನು ಮಗನ ಜೇಬಿನಲ್ಲಿ, ಮಗ ಮೆಕ್ಕೆಜೋಳದ ಹೊಲದಲ್ಲಿ, ರೋಗಿ ಮನೆಯಲ್ಲಿ. ಆ ಆರು ತಿಂಗಳ ಖರ್ಚು ನೀರಿನಲ್ಲಿ ಹೋಮವಾಯಿತು.

ದಾರಿ ತೋರಿಸಿದ್ದು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಸುಮಾರು 58 ವರ್ಷದ ಒಬ್ಬರ ಮನೆ. ಎಡಗೈ ಪೂರ್ತಿ ಬಂದಿರಲಿಲ್ಲ, ಆದರೆ ನಡೆಯುತ್ತಿದ್ದರು. ಆಸ್ಪತ್ರೆಯಲ್ಲಿ ಅವರ ಅಂಕ ಬರೀ 4. ಬಾಗಿಲ ಪಕ್ಕದಲ್ಲಿದ್ದ ಅವರ ಚಪ್ಪಲಿಯ ಮೇಲೆ ಬೆರಳಿಟ್ಟರೆ ಗೆರೆ ಮೂಡುವಷ್ಟು ಧೂಳು ಕುಳಿತಿತ್ತು. ಪ್ರಶ್ನಾವಳಿಯನ್ನು ಮಡಚಿಟ್ಟು, "ಕಟ್ಟೆ ಕಡೆ ಹೋಗಿ ಎಷ್ಟು ದಿನ ಆಯ್ತು ಯಜಮಾನ್ರೇ?" ಎಂದೆ. "ಯಾರಿಗೆ ಮುಖ ತೋರ್ಸ್ಲಿ ಸಾರ್" ಎಂದವರು ಮುಂದಿನ ಹತ್ತು ನಿಮಿಷ ನಿಲ್ಲಿಸಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಮೊದಲು ಕಟ್ಟೆ, ಆಮೇಲೆ ಊಟ ಮತ್ತು ಸ್ನಾನ ಯಾರ ಕೈಯಿಂದ ಎಂಬ ವಿಚಾರಣೆ, ಮೂರನೆಯದಾಗಿ ಇನ್ನೊಂದು ಪ್ರಶ್ನೆ, ಕೊನೆಗೆ ಪಿಎಚ್‌ಕ್ಯೂ-9. ಆ ಮೂರನೆಯ ಪ್ರಶ್ನೆಯನ್ನು ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಮನೆಯವರನ್ನು ದೂರವಿಡುವ ಉಪಾಯವನ್ನು ಮಾತ್ರ ಹೇಳಬಲ್ಲೆ: ಜೊತೆಗೆ ಬಂದ ಇಂಟರ್ನ್ ಪಡಸಾಲೆಯಲ್ಲಿ ಎಲ್ಲರ ಬಿಪಿ ನೋಡಲು ಕುಳಿತರೆ ಒಳಕೋಣೆಯಲ್ಲಿ ರೋಗಿಯೂ ನಾನೂ ಇಬ್ಬರೇ ಉಳಿಯುತ್ತೇವೆ. ಹೀಗೆ ನೋಡುವಾಗಲೇ ಮೂರ್ನಾಲ್ಕು ಸೊಸೆಯಂದಿರ ಬಿಪಿ ಏರಿರುವುದೂ ತಿಳಿಯಿತು. ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾಯುವ ಯೋಚನೆಯ ಪ್ರಶ್ನೆಗೆ, ಹೌದೆಂದವರನ್ನು ಅದೇ ದಿನ ಮನೋವೈದ್ಯರು ನೋಡುವ ಏರ್ಪಾಡಿಲ್ಲದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು. ನಾವು ಚೀಟಿಯ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಡುತ್ತಿದ್ದೆವು.

ಸಂಸ್ಥೆ ಕೊಟ್ಟಿದ್ದ ಅರವತ್ತು ಸಾವಿರ ರೂಪಾಯಿ ಭರಮಸಾಗರ, ಹೊಳಲ್ಕೆರೆ ಸುತ್ತುವುದರಲ್ಲಿಯೇ ಕರಗಿತು. ನನ್ನ ಕೈಯಿಂದ ನಲವತ್ತೈದು ಸಾವಿರದಷ್ಟು ಹೋಗಿರಬೇಕು. ಹಳೆಯ ಸ್ಕೂಟರಿನ ರಿಪೇರಿ ಇದರಲ್ಲಿ ಸೇರಿಲ್ಲ. ಆದರೂ ಅದೇ ಅರವತ್ತು ಜನರಲ್ಲಿ ಮತ್ತೆ ಭೇಟಿಗೆ ಸಿಕ್ಕ ಐವತ್ತೆರಡು ಮಂದಿಯಲ್ಲಿ ಹತ್ತೊಂಬತ್ತು ಜನರನ್ನು ನಮ್ಮ ಕ್ರಮ ಹಿಡಿಯಿತು. ನಮ್ಮ ಅಂಕಗಳನ್ನು ನೋಡದೆ ಪರೀಕ್ಷಿಸಿದ ಮನೋವೈದ್ಯರು ಅವರಲ್ಲಿ ಹದಿನಾರು ಜನರಿಗೆ ಖಿನ್ನತೆಯೆಂದು ಒಪ್ಪಿದರು.

ತಪ್ಪಿದ ಮೂವರಲ್ಲಿ ಇಬ್ಬರದು ಖಿನ್ನತೆಯೇ ಅಲ್ಲ. ಮಿದುಳಿನ ಗಾಯದಿಂದಾಗಿ ತಡೆಯಿಲ್ಲದೆ ಉಕ್ಕುವ ಅಳು. ಮೊಮ್ಮಗಳ ಹೆಸರು ಹೇಳಿದರೂ ಅಳು, ಟಿವಿಯಲ್ಲಿ ಆರತಿ ಕಂಡರೂ ಅಳು, ಮರುಕ್ಷಣವೇ ಶಾಂತ. "ಅಳುವಾಗ ಒಳಗೂ ಸಂಕಟ ಆಗುತ್ತದೆಯೇ?" ಎಂದು ಮೊದಲೇ ಕೇಳಿದ್ದರೆ ನಾನು ಎಡವುತ್ತಿರಲಿಲ್ಲ. ನಿದ್ದೆ, ಸುಸ್ತು, ನಿಧಾನಗತಿಯ ಪ್ರಶ್ನೆಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ, ಏಕೆಂದರೆ ಅವು ಲಕ್ವದಿಂದಲೂ ಬರುತ್ತವೆ.

ಇಷ್ಟು ಪಾಡೇಕೆ, ಎಲ್ಲರಿಗೂ ಖಿನ್ನತೆಯ ಗುಳಿಗೆ ಫ್ಲುಆಕ್ಸೆಟಿನ್ ಬರೆದುಬಿಡಿ ಎಂದವರೂ ಇದ್ದರು. ಬ್ರಿಟನ್ನಿನಲ್ಲಿ ನಡೆದ ಫೋಕಸ್ ಎಂಬ ಪ್ರಯೋಗದ 3,127 ಲಕ್ವ ರೋಗಿಗಳಲ್ಲಿ ಆ ಗುಳಿಗೆ ತೆಗೆದುಕೊಂಡವರಿಗೆ ಖಿನ್ನತೆ ಕಡಿಮೆಯಾಯಿತು, ಆದರೆ ಕೈಕಾಲಿನ ಚೇತರಿಕೆಗೆ ಅದು ನೆರವಾಗಲಿಲ್ಲ, ಮೂಳೆ ಮುರಿತ ಮಾತ್ರ ಹೆಚ್ಚಾಯಿತು. ಸಿಮೆಂಟು ನೆಲದ ಬಚ್ಚಲಿಗೆ ಕುಂಟುತ್ತ ಹೋಗುವವರಿಗೆ ಕಣ್ಣುಮುಚ್ಚಿ ಬರೆಯಲು ನಾನು ಒಪ್ಪಲಿಲ್ಲ.

ನಡುವೆ ಹೆಜ್ಜೆ ಎಣಿಸುವ ಅಗ್ಗದ ಕೈಪಟ್ಟಿಗಳನ್ನೂ ಕೊಂಡು ನೋಡಿದೆ. ಮನೆಯಿಂದ ಹೊರಗೆ ಕಾಲಿಡದ ಅಜ್ಜಿಯೊಬ್ಬರ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಸಾವಿರ ಹೆಜ್ಜೆಗಳಿದ್ದವು. ವಿಚಾರಿಸಿದರೆ, ಪಟ್ಟಿ ಕಟ್ಟಿದ್ದ ಆ ಗಟ್ಟಿಯಾದ ಕೈಯಿಂದಲೇ ಅವರು ಮಧ್ಯಾಹ್ನವೆಲ್ಲ ಮರಿಮಗುವಿನ ತೊಟ್ಟಿಲು ತೂಗುತ್ತಿದ್ದರು. ಪಟ್ಟಿಗಳು ಈಗ ಕಪಾಟಿನಲ್ಲಿವೆ. ಅಜ್ಜಿಗೆ ಖಿನ್ನತೆ ಇರಲಿಲ್ಲ.

ಮಾತು ಬಿದ್ದುಹೋದವರನ್ನು ಈ ಲೆಕ್ಕದಿಂದ ಹೊರಗೇ ಇಟ್ಟಿದ್ದೆ. ಈಗ ಅವರಿಗಾಗಿ ಮನೆಯವರು ತುಂಬಬಹುದಾದ ಹತ್ತು ಪ್ರಶ್ನೆಗಳ ಎಸ್‌ಎಡಿಕ್ಯೂ-10 ಪಟ್ಟಿಯನ್ನು ಹಿಡಿದು ಹಿರಿಯೂರಿನ ಕಡೆ ಹೊರಟಿದ್ದೇನೆ. ಸಿಕ್ಕವರು ಹನ್ನೊಂದು ಜನ. ಅವರಲ್ಲೊಬ್ಬರು ನೀರು ಬೇಕೆಂದು ಹೇಳಲಾರರು, ಆದರೆ ಸೋಮವಾರದ ಭಜನೆಯ ಪದವನ್ನು ಪಲ್ಲವಿಯಿಂದ ಕೊನೆಯವರೆಗೂ ತಪ್ಪದೆ ಹಾಡುತ್ತಾರೆ; ಹಾಡು ಮುಗಿದ ಕೂಡಲೇ ಅವರ ಮಗಳು ಪಟ್ಟಿಯ ಪ್ರಶ್ನೆಗಳಿಗೆ ಕೊಡುವ ಉತ್ತರಗಳಿಗೂ ಬೆಳಿಗ್ಗೆ ಕೊಟ್ಟ ಉತ್ತರಗಳಿಗೂ ತಾಳೆಯಾಗುತ್ತಿಲ್ಲ.