ಹದಿನೆಂಟು ತುಂಬುವ ಮುನ್ನಿನ ಎರಡು ವರ್ಷ

ಆಸರೆಯಿಲ್ಲದ ಮಕ್ಕಳು ಬೆಳೆಯುವ ಬಾಲಮಂದಿರದಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿದ ಮೊದಲ ವರ್ಷಗಳಲ್ಲಿ, ಹದಿನೆಂಟು ತುಂಬಿದ ಹುಡುಗರನ್ನು ಬೀಳ್ಕೊಡುವುದೆಂದರೆ ದಾಖಲೆಗಳ ಕಡತ ಕೈಗಿತ್ತು, ಒಂದು ಕೆಲಸ ಗೊತ್ತುಮಾಡಿ, ಬಸ್ಸು ಹತ್ತಿಸಿ ಬರುವುದೆಂದೇ ನಾನು ತಿಳಿದಿದ್ದೆ. ಹಾಗೆ ಹೋದವನೊಬ್ಬ ಐಟಿಐ ಮುಗಿಸಿ ಪೀಣ್ಯದಲ್ಲಿ ಫಿಟ್ಟರ್ ಆಗಿದ್ದ. ಮೂರನೆಯ ವಾರಕ್ಕೇ ಕೆಲಸ ಬಿಟ್ಟು ನಮ್ಮ ಗೇಟಿನ ಮುಂದೆ ಬಂದು ನಿಂತ. ಕೆಲಸ ಕಷ್ಟವಾಯಿತೇ ಎಂದು ಕೇಳಿದರೆ, ಇಲ್ಲ, ರಾತ್ರಿ ನಿದ್ದೆ ಬರುವುದಿಲ್ಲ ಎಂದ. ಏಳನೆಯ ವಯಸ್ಸಿನಿಂದ ಮೂವತ್ತು ಮಂದಿಯ ನಡುವೆ ಮಲಗಿ ಬೆಳೆದವನಿಗೆ ಬಾಗಿಲು ಮುಚ್ಚಿದ ಕೋಣೆಯ ನಿಶ್ಶಬ್ದವೇ ಹೆದರಿಕೆ ಹುಟ್ಟಿಸಿತ್ತು. ಅದುವರೆಗೆ ಅವನ ಕೈಗೆ ಒಂದು ಬೀಗದ ಕೈಯನ್ನೂ ಯಾರೂ ಕೊಟ್ಟಿರಲಿಲ್ಲ. ವಯಸ್ಸು ಮೀರಿದವನನ್ನು ಮಕ್ಕಳ ಜೊತೆ ಉಳಿಸಿಕೊಳ್ಳುವಂತಿಲ್ಲ. ಹಾಗಾಗಿ ಮೊದಲೇ ಹೊರಗೆ ಹೋಗಿ ನೆಲೆನಿಂತಿದ್ದ ಇಬ್ಬರು ಹಿರಿಯ ಹುಡುಗರಿಗೆ ಫೋನು ಮಾಡಿದೆ. ಅವರ ಕೋಣೆಯಲ್ಲಿ ಅವನಿಗೆ ನಿದ್ದೆ ಬಂತು. ಅಲ್ಲಿಂದ ಮುಂದೆ ಯಾರನ್ನೂ ಒಂಟಿ ಕೋಣೆಗೆ ಕಳುಹಿಸಿಲ್ಲ.

ಸಿದ್ಧತೆಯನ್ನು ಈಗ ಹದಿನಾರಕ್ಕೇ ಆರಂಭಿಸುತ್ತೇನೆ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಇರಬೇಕೆಂಬುದು ಕಾನೂನು. ನಾನು ಅದನ್ನು ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತೇನೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಿರ್ವಹಿಸುವ ಉಳಿತಾಯ ಖಾತೆ ತೆರೆಯಬಹುದಾದ್ದರಿಂದ ಬ್ಯಾಂಕಿಗೆ ಅವರನ್ನೇ ಕರೆದೊಯ್ದು, ಚೀಟಿ ತುಂಬುವುದನ್ನೂ ಅವರಿಗೇ ಬಿಡುತ್ತೇನೆ. ವಾರಕ್ಕೊಮ್ಮೆ ಇಬ್ಬರು ಸಂತೆಗೆ ಹೋಗಿ, ಕೊಟ್ಟ ಹಣದಲ್ಲೇ ತಮ್ಮಿಬ್ಬರ ಅಡುಗೆಗೆ ಸಾಮಾನು ತರಬೇಕು. ಕೊಪ್ಪರಿಗೆಯಲ್ಲಿ ಬೆಂದ ಅನ್ನವನ್ನಷ್ಟೇ ಕಂಡವರಿಗೆ ಒಬ್ಬರಿಗೆ ಎಷ್ಟು ಅಕ್ಕಿ ಬೇಕೆಂಬ ಅಂದಾಜೇ ಇರುವುದಿಲ್ಲ. ಒಮ್ಮೆ ಒಬ್ಬ ಹುಡುಗ ಹಣವನ್ನೆಲ್ಲ ಕ್ರಿಕೆಟ್ ಚೆಂಡಿಗೂ ಕುರುಕಲು ತಿಂಡಿಗೂ ಸುರಿದು ಬಂದಾಗ, ಬೈಯಲು ಹೊರಟ ಸಿಬ್ಬಂದಿಯನ್ನು ನಾನು ತಡೆದೆ. ಆ ತಪ್ಪನ್ನು ಅವನು ಹದಿನಾರರಲ್ಲಿ ಮಾಡಿದರೆ ಒಂದು ಹೊತ್ತಿನ ಪಲ್ಯ ತಪ್ಪುತ್ತದೆ, ಹತ್ತೊಂಬತ್ತರಲ್ಲಿ ಮಾಡಿದರೆ ತಿಂಗಳ ಬಾಡಿಗೆಯೇ ತಪ್ಪುತ್ತದೆ.

ದಾಖಲೆಗಳ ವಿಷಯದಲ್ಲಿ ನಾನೇ ಎಡವಿದ್ದೇನೆ. ಹುಡುಗಿಯೊಬ್ಬಳಿಗೆ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಮೂಲಪ್ರತಿಗಳನ್ನೆಲ್ಲ ಒಂದೇ ಚೀಲದಲ್ಲಿ ಕೊಟ್ಟು ಕಳುಹಿಸಿದ್ದೆ. ಪಿಜಿ ಬದಲಿಸುವಾಗ ಚೀಲ ಕಳೆದುಹೋಗಿ, ಅವನ್ನು ಮತ್ತೆ ಪಡೆಯುವಷ್ಟರಲ್ಲಿ ಅವಳ ನರ್ಸಿಂಗ್ ಪ್ರವೇಶದ ವರ್ಷವೇ ಮುಗಿದಿತ್ತು. ಈಗ ಎಲ್ಲದರ ಪ್ರತಿಯೂ ಡಿಜಿಲಾಕರ್‌ನಲ್ಲಿರುತ್ತದೆ, ಒಂದು ಪ್ರತಿ ನಮ್ಮಲ್ಲೂ ಉಳಿಯುತ್ತದೆ. ಅರ್ಜಿಗಳಲ್ಲಿ ತಂದೆಯ ಹೆಸರು ಕೇಳುವ ಜಾಗದಲ್ಲಿ ಏನು ಬರೆಯಬೇಕು, ಗುಮಾಸ್ತರು ಮತ್ತೆ ಮತ್ತೆ ಕೆದಕಿದರೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಆಡಿ ಅಭ್ಯಾಸ ಮಾಡುತ್ತೇವೆ.

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಸಂಸ್ಥೆಯಿಂದ ಹೊರಹೋಗುವವರಿಗೆ ಆರ್ಥಿಕ ನೆರವು ನೀಡಲು ಅವಕಾಶ ಕೊಡುತ್ತದೆ. ಅನುಪಾಲನೆಯನ್ನು, ಅಂದರೆ ಹೊರಹೋದ ಮೇಲೂ ಸಿಗುವ ಆಸರೆಯನ್ನು, 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ ವಿಸ್ತರಿಸಲು ಅದೇ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ದಾರಿಯಿದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿ ನಿಗದಿಯಾಗಿದೆ. ಹದಿನೆಂಟು ತುಂಬಿದ ಮೇಲೆ ಅರ್ಜಿ ಹಾಕಿದರೆ ಹಣವಿಲ್ಲದ ತಿಂಗಳುಗಳು ನಡುವೆ ಬಂದೇಬರುತ್ತವೆ. ಆದ್ದರಿಂದ ಸಾಕಷ್ಟು ಮುಂಚೆಯೇ ಕಾಗದಪತ್ರಗಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ತಲುಪಿಸುತ್ತೇನೆ. ಹೆಣ್ಣುಮಕ್ಕಳ ವಿಷಯ ಬಂದಾಗ ಮಾತ್ರ, ಒಂದು ಒಳ್ಳೆಯ ಸಂಬಂಧ ನೋಡಿ ಮುಗಿಸಿಬಿಡಿ ಎನ್ನುವ ಹಿತೈಷಿಗಳು ಇಂದಿಗೂ ಇದ್ದಾರೆ. ಮದುವೆಯನ್ನು ಪುನರ್ವಸತಿ ಎಂದು ಕರೆಯುವುದನ್ನು ನಾನು ಎಂದಿಗೂ ಒಪ್ಪಿಲ್ಲ.

ಹೋದವರಿಗೆ ಮೊದಲ ಆರು ತಿಂಗಳು ಪ್ರತಿ ಭಾನುವಾರ ಸಂಜೆ ನಾನೇ ಫೋನು ಮಾಡುತ್ತೇನೆ, ಏಕೆಂದರೆ ತೊಂದರೆಯಲ್ಲಿರುವವರು ತಾವಾಗಿ ಮಾಡುವುದಿಲ್ಲ. ಕಾರ್ಖಾನೆಗೂ ಮೆಸ್ಸಿಗೂ ರಜೆಯಿರುವ ದೀಪಾವಳಿಯಂದು, ಉಳಿದವರೆಲ್ಲ ಊರಿಗೆ ಹೊರಟಾಗ, ಇವರಿಗೆ ಹೋಗಲು ಊರಿರುವುದಿಲ್ಲ. ಆ ದಿನ ನಮ್ಮ ಮನೆಯಲ್ಲಿ ಊಟ. ಕಳೆದ ವರ್ಷ ಹನ್ನೊಂದು ಮಂದಿ ಬಂದಿದ್ದರು, ಅಕ್ಕಿಯ ಅಳತೆ ಅವರೇ ಹೇಳಿದರು.