ಕುಂಡದ ನೊರಜು ಮತ್ತು ಅಮ್ಮನ ಚೊಂಬು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ತೋಟ ಅಂದ್ರೆ ಕಿಟಕಿಯ ಗ್ರಿಲ್ಲು, ಅದರಲ್ಲಿ 11 ಕುಂಡ, ಅಷ್ಟೇ. ಹೋದ ಜುಲೈನಲ್ಲಿ ಸಂಜೆ ಚಹಾ ಲೋಟಕ್ಕೆ ಕಪ್ಪು ನೊರಜು ಬೀಳತೊಡಗಿದವು. ಬಾಳೆಹಣ್ಣಿಗೆ ಬಂದಿವೆ ಅಂದುಕೊಂಡೆ. ಹಣ್ಣು ಫ್ರಿಜ್ಜಿಗೆ ಹೋಯ್ತು, ನೊರಜು ಹೋಗಲಿಲ್ಲ. ಒಂದಿನ ದೊಡ್ಡಪತ್ರೆಗೆ ನೀರು ಹಾಕುವಾಗ ಮಣ್ಣಿನಿಂದಲೇ ಗುಂಪಾಗಿ ಎದ್ದವು. ಫಂಗಸ್ ನ್ಯಾಟ್, ಅಂದ್ರೆ ಒದ್ದೆ ಮಣ್ಣಲ್ಲಿ ಹುಟ್ಟುವ ನೊರಜು!

ಎರಡು ವಾರ ಎಲೆಗಳಿಗೆ ಸುಮ್ನೆ ಬೇವಿನೆಣ್ಣೆ ಹೊಡೆದೆ. ಹಳದಿ ಅಂಟು ಕಾರ್ಡೂ ಸಿಕ್ಕಿಸಿದೆ. ನೊರಜಿನ ಜೊತೆ ಒಂದು ಹಲ್ಲಿಮರಿಯೂ ಅಂಟಿಕೊಂಡು, ಅದನ್ನು ಅಡುಗೆ ಎಣ್ಣೆ ಹಚ್ಚಿ ಬಿಡಿಸೋ ಹೊತ್ತಿಗೆ ಸಾಕುಸಾಕಾಯ್ತು. ಹಾರುವ ನೊರಜು ಬದುಕೋದೇ ಒಂದು ವಾರ, ಆದರೆ ಅಷ್ಟರಲ್ಲಿ ಹೆಣ್ಣು ಒದ್ದೆ ಮಣ್ಣಲ್ಲಿ ನೂರಾರು ಮೊಟ್ಟೆ ಇಟ್ಟಿರುತ್ತದೆ, ಮರಿಹುಳು ಮೇಲಿನ ಎರಡು ಇಂಚಿನಲ್ಲೇ ಇದ್ದು ಬೂಸ್ಟು, ಕೊಳೆತ ಎಲೆ, ಎಳೆ ಬೇರು ತಿನ್ನುತ್ತದೆ. ನಾನು ಹೊಡೆದಿದ್ದು ಎಲೆಗೆ!

ಹುಳು ಎಲ್ಲಿವೆ ಅಂತ ನೋಡಲು ಎಲ್ಲ ಕುಂಡಗಳ ಮೇಲೂ ಆಲೂಗಡ್ಡೆ ಬಿಲ್ಲೆ ಇಟ್ಟೆ. ಎರಡು ದಿನ ಬಿಟ್ಟು ತಿರುಗಿಸಿದರೆ ನಾಲ್ಕರಲ್ಲಿ ಮಾತ್ರ ಗಾಜಿನ ನೂಲಿನಂಥ ಹುಳು, ಕಪ್ಪು ತಲೆ. ನಾಲ್ಕೂ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡಗಳು. ನಮ್ಮ ಮಳೆಗಾಲದಲ್ಲಿ ಕೋಕೋಪೀಟ್ ಒಣಗೋದುಂಟಾ? ಅದರ ಮೇಲೆ, ತುಳಸಿಗೆ ಹಾಕಿ ಉಳಿದ ನೀರನ್ನು ಉಳಿದವಕ್ಕೆಲ್ಲ ಹಂಚುವುದು ಅಮ್ಮನ ರೂಢಿ. ಬೇಡ ಅಂದರೆ "ಪಾಪ, ಬಾಯಾರಿರುತ್ತವೆ" ಅಂತಾಳೆ. ವಾದ ಮಾಡದೆ ಪುಟ್ಟ ಚೊಂಬು ತಂದುಕೊಟ್ಟೆ. ಬೇರೆ ಯಾವ ಔಷಧಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ ಅನ್ಸುತ್ತೆ.

ಆ ನಾಲ್ಕರ ಮೇಲಿನ ಎರಡಿಂಚು ತೆಗೆದು ಚೀಲ ಕಟ್ಟಿ ಎಸೆದು, ಮರಳು ಬೆರೆಸಿದ ಮಣ್ಣು ಹಾಕಿದೆ. ಬೆರಳು ಚುಚ್ಚಿ ಒಣಗಿದೆ ಅನ್ನಿಸಿದರೆ ಮಾತ್ರ ನೀರು. ಜೊತೆಗೆ ಬಿಟಿಐ ಪುಡಿ, ಬಿಟಿ ಅನ್ನೋ ಬ್ಯಾಕ್ಟೀರಿಯಾದ ಒಂದು ಬಗೆ, ಸೊಳ್ಳೆ ಮರಿ ಸಾಯಿಸಲು ಬಳಸ್ತಾರಲ್ಲ, ಅದೇ. ಮೊದಲು ಅಂಗಡಿಯವರು ಕೊಟ್ಟಿದ್ದು ಕುರ್ಸ್ಟಾಕಿ ಅನ್ನೋ ಬಿಟಿ, ಅದು ಎಲೆ ತಿನ್ನುವ ಕಂಬಳಿಹುಳಕ್ಕೆ, ನಮಗೆ ದಂಡ. ಪ್ಯಾಕೆಟ್ ಮೇಲೆ ಇಸ್ರೇಲೆನ್ಸಿಸ್ ಅಂತಿರಬೇಕು. ನೀರಲ್ಲಿ ಕದಡಿ ವಾರಕ್ಕೊಮ್ಮೆ ಮಣ್ಣಿಗೆ ಸುರಿದೆ, ನಾಲ್ಕು ವಾರ. ಮರಿಹುಳು ತಿಂದರಷ್ಟೇ ಸಾಯುತ್ತದೆ, ಹಾರುವವಕ್ಕೆ ಏನೂ ಆಗದು. ಮೊಟ್ಟೆಯಿಂದ ನೊರಜಾಗಲು ಮೂರ್ನಾಲ್ಕು ವಾರ ಬೇಕು, ಹಾಗಾಗಿ ಮೊದಲ ವಾರ ನೊರಜು ಕಂಡರೆ ಕೈಬಿಡಬೇಡಿ.

ಐದನೇ ವಾರ ಮತ್ತೆ ಬಿಲ್ಲೆ ಇಟ್ಟೆ. ಮುರುಟಿಕೊಂಡಿತ್ತು, ಅಡಿಯಲ್ಲಿ ಒಂದೂ ಹುಳು ಇರಲಿಲ್ಲ.