ಓದುಗರು ಕಳಿಸಿದ ಮಳೆ ವಿಡಿಯೊ: ಪ್ರಕಟಿಸುವ ಮುನ್ನ ಡೆಸ್ಕ್ ಮಾಡಬೇಕಾದ್ದು

ಮಳೆಗಾಲದಲ್ಲಿ ವರದಿಗಾರ ಘಾಟಿ ತಲುಪುವ ಮೊದಲೇ ಕುಸಿದ ಗುಡ್ಡದ ವಿಡಿಯೊ ಸುದ್ದಿಮನೆಯ ವಾಟ್ಸ್‌ಆ್ಯಪ್‌ಗೆ ಬಂದಿರುತ್ತದೆ. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿದಾಗಲೂ ಒಳಗಿನ ದೃಶ್ಯ ಹೊರಜಗತ್ತಿಗೆ ಸಿಕ್ಕಿದ್ದು ಪ್ರಯಾಣಿಕರ ಮೊಬೈಲ್‌ಗಳಿಂದ. ಜನರು ಕಳಿಸುವ ಇಂಥ ಸಾಮಗ್ರಿಯನ್ನು ನೋಡಿಕೊಳ್ಳಲೆಂದೇ ಬಿಬಿಸಿ ಪ್ರತ್ಯೇಕ ತಂಡ ಕಟ್ಟಿದ್ದು ಅದೇ ವರ್ಷ.

ಕಳಿಸಿದವರಿಗೆ ಮೆಸೇಜ್ ಬೇಡ, ಕರೆ ಮಾಡಿ. ಸುರಕ್ಷಿತವಾಗಿದ್ದಾರೆಯೇ ಎಂದು ವಿಚಾರಿಸಿ, ನಂತರ ಕೇಳಿ: ‘ಇದನ್ನು ತೆಗೆದವರು ನೀವೇನಾ?’ ಬಹುತೇಕರು ಬೇರೆಯವರಿಂದ ಬಂದದ್ದನ್ನು ದಾಟಿಸಿರುತ್ತಾರೆ. ಡೌನ್‌ಲೋಡ್ ಮಾಡಿ ಮತ್ತೆ ಕಳಿಸಿದರೆ ‘ಫಾರ್ವರ್ಡೆಡ್’ ಗುರುತು ಕಾಣುವುದಿಲ್ಲ, ಹಾಗಾಗಿ ಅದನ್ನು ನೆಚ್ಚಬೇಡಿ. ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಒಬ್ಬೊಬ್ಬರನ್ನೇ ಹಿಡಿದು ಹಿಂದಕ್ಕೆ ಹೋಗಿ. ನಿಜವಾಗಿ ತೆಗೆದವರು ಎಲ್ಲಿ ನಿಂತಿದ್ದೆ, ಬೆನ್ನ ಹಿಂದೆ ಏನಿತ್ತು ಎಂಬುದನ್ನು ತಡವರಿಸದೆ ಹೇಳುತ್ತಾರೆ. ಅವರ ಗ್ಯಾಲರಿಯಲ್ಲಿ ಅದೇ ಜಾಗದ ಇನ್ನೂ ಎರಡು ಮೂರು ತುಣುಕುಗಳೂ ಸಾಮಾನ್ಯವಾಗಿ ಇರುತ್ತವೆ, ಅವನ್ನು ಕೇಳಿ. ನಮ್ಮ ದೃಷ್ಟಿಯಲ್ಲಿ ಯಾವ ತಂತ್ರಾಂಶಕ್ಕಿಂತಲೂ ಈ ಫೋನ್ ಕರೆಯೇ ಹೆಚ್ಚು ಕೆಲಸ ಮಾಡುತ್ತದೆ.

ಒರಿಜಿನಲ್ ಫೈಲನ್ನು ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಫೈಲಿನೊಳಗಿನ ದಿನಾಂಕ, ಲೊಕೇಶನ್ ಉಳಿಯುವುದಿಲ್ಲ. ಆದರೆ ಫೋನಿನ ಗಡಿಯಾರವೇ ತಪ್ಪಿದ್ದರೆ ಆ ದಿನಾಂಕವೂ ತಪ್ಪು.

ಹಳೆಯ ವಿಡಿಯೊ ಹೊಸ ಮಳೆಯ ಹೆಸರಲ್ಲಿ ಬರುವುದು ಅತಿ ಸಾಮಾನ್ಯ. ಬೇರೆ ಬೇರೆ ಕ್ಷಣಗಳ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್, ಯಾಂಡೆಕ್ಸ್‌ನಂಥ ಚಿತ್ರ ಕೊಟ್ಟು ಹುಡುಕುವ ತಾಣಗಳಲ್ಲಿ ಹುಡುಕಿ. ಬರೀ ಕೆಂಪು ನೀರಿರುವ ಚಿತ್ರದಿಂದ ಏನೂ ಸಿಗುವುದಿಲ್ಲ. ಸೇತುವೆ, ಬೋರ್ಡು, ಕಟ್ಟಡ ಕಾಣುವುದನ್ನೇ ಆರಿಸಿ. ಮೇಲೆ ಅಂಟಿಸಿದ ಅಕ್ಷರಗಳನ್ನು ಕತ್ತರಿಸಿ ಹಾಕಿ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತಿದ್ದರೆ ಚಿತ್ರವನ್ನು ತಿರುಗಿಸಿ ಹುಡುಕಿ. ಏನೂ ಸಿಗಲಿಲ್ಲವೆಂದರೆ ವಿಡಿಯೊ ಹೊಸದು ಎಂದರ್ಥವಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಷ್ಟೇ ಓಡಾಡಿದ್ದು ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಜಾಗ ಪತ್ತೆಗೆ ಅಂಗಡಿ ಬೋರ್ಡು, ಬಸ್ಸಿನ ಮಾರ್ಗಫಲಕ, ಮಾತಿನ ಧಾಟಿ ನೆರವಾಗುತ್ತವೆ. ಕೆಎ-12 ಮಡಿಕೇರಿ, ಕೆಎ-21 ಪುತ್ತೂರು. ಆದರೆ ಗಾಡಿ ಎಲ್ಲಿಗೆ ಬೇಕಾದರೂ ಹೋಗಿರಬಹುದು, ನಂಬರು ಬರೀ ಸುಳಿವು. ಸೇತುವೆಯ ಕಂಬಗಳು, ರಸ್ತೆಯ ತಿರುವನ್ನು ಉಪಗ್ರಹ ನಕ್ಷೆಗೆ ಹೋಲಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಅಂಶವನ್ನೂ ನೋಡಿ. ಅಲ್ಲಿ ಮಳೆ ಇಲ್ಲವೆಂದ ಮಾತ್ರಕ್ಕೆ ವಿಡಿಯೊ ಸುಳ್ಳಾಗದು, ಮೇಲ್ಭಾಗದಲ್ಲಿ ಸುರಿದರೂ ಕೆಳಗೆ ಹೊಳೆ ಉಕ್ಕುತ್ತದೆ.

ಹಕ್ಕುಸ್ವಾಮ್ಯ ಸಾಮಾನ್ಯವಾಗಿ ತೆಗೆದವರದ್ದು, ಕಳಿಸಿದವರದ್ದಲ್ಲ. ‘ನಾನೇ ತೆಗೆದದ್ದು, ಪತ್ರಿಕೆ, ವೆಬ್‌ಸೈಟ್, ಜಾಲತಾಣಗಳಲ್ಲಿ ಬಳಸಬಹುದು’ ಎಂದು ಬರಹದಲ್ಲಿ ಪಡೆಯಿರಿ. ಹೆಸರು ಹಾಕಬಹುದೇ ಎಂಬುದನ್ನು ಬೇರೆಯಾಗಿಯೇ ಕೇಳಿ. ಅಕ್ರಮ ಮರಳು ಸಾಗಣೆ ತೋರಿಸಿದವರ ಹೆಸರು ಹೊರಬಿದ್ದರೆ ಅವರು ಊರಲ್ಲಿ ಬಾಳುವುದು ಕಷ್ಟ. ಶವಗಳು ಕಾಣುವಂತಿದ್ದರೆ ಮನೆಯವರಿಗೆ ಸುದ್ದಿ ತಲುಪುವ ಮುನ್ನ ಹಾಕಲೇಬೇಡಿ. ‘ಇನ್ನೂ ಹತ್ತಿರ ಹೋಗಿ ತೆಗೆಯಿರಿ’ ಎಂದು ಎಂದಿಗೂ ಹೇಳಬೇಡಿ.

ಖಚಿತವಾಗದ ವಿಡಿಯೊವನ್ನು ‘ವೈರಲ್’ ಎಂಬ ಪಟ್ಟಿ ಹಚ್ಚಿ ಹಾಕುವುದು ತಪ್ಪು. ಅದನ್ನು ಸುಳಿವಾಗಿ ಇಟ್ಟುಕೊಂಡು ತಹಶೀಲ್ದಾರರಿಗೆ ಕರೆ ಮಾಡಿ, ಹತ್ತಿರದ ಬಿಡಿ ಸುದ್ದಿಗಾರರನ್ನು ಸ್ಥಳಕ್ಕೆ ಕಳಿಸಿ.